ಮುನ್ನೂರ ಏಳನೆಯ ಪರೀಕ್ಷೆ

“ಗುರುಗಳೇ, ಆಗಲೇ ಸರಿಪಡಿಸಿದ ತಪ್ಪನ್ನು ಬಾಯಿಬಿಟ್ಟು ಹೇಳಲೇಬೇಕೆ?” ಎಂದು ಶಿಷ್ಯನೊಬ್ಬ ಕೇಳಿದ.

ಕಂಪೈಲರುಗಳನ್ನು ಪರೀಕ್ಷಿಸುವ ವಿದ್ಯೆ ಕಲಿಸುವ ಗುರುಗಳು ಅವರು. ಅವರ ಕತೆಗಳಲ್ಲಿ ನಿಜವೆಷ್ಟು ಎಂದು ಯಾರಾದರೂ ಕೇಳಿದರೆ ‘ಬೇಕಾದಷ್ಟು’ ಎನ್ನುತ್ತಿದ್ದರು. ಇವತ್ತು ಬೇರೆ ಶಿಷ್ಯರು ಎದ್ದು ಹೋದ ಮೇಲೂ ಇವನೊಬ್ಬ ಚಾಪೆ ಬಿಟ್ಟು ಎದ್ದಿರಲಿಲ್ಲ.

“ಸರಿಪಡಿಸಿದ್ದು ಯಾರು?” ಎಂದರು ಗುರುಗಳು.

“ನಾನೇ.”

“ತಪ್ಪು ಮಾಡಿದ್ದು?”

“ಅದೂ ನಾನೇ.”

“ಯಾರಿಗೆ ಗೊತ್ತು?”

“ಯಾರಿಗೂ ಗೊತ್ತಿಲ್ಲ.”

“ಮತ್ತೆ ನನಗೇಕೆ ಹೇಳುತ್ತಿದ್ದೀಯ?”

“ಹೇಳುತ್ತಿಲ್ಲ ಗುರುಗಳೇ, ಕೇಳುತ್ತಿದ್ದೇನೆ.”

ಗುರುಗಳು ನಕ್ಕರು. ಶಿಷ್ಯ ನಗಲಿಲ್ಲ. ಅವನು ಚಾಪೆಯ ಅಂಚಿನ ಒಂದು ಕಡ್ಡಿಯನ್ನು ಕೀಳುತ್ತಿದ್ದ.

“ಚಾಪೆ ನನ್ನದು, ಬಿಡು. ಒಂದು ಕತೆ ಹೇಳುತ್ತೇನೆ,” ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪರೀಕ್ಷಕನಿದ್ದ. ಸಿ ಭಾಷೆಯ ಒಂದು ಕಂಪೈಲರನ್ನು ಪರೀಕ್ಷಿಸುವುದು ಅವನ ಕೆಲಸ. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತಿರುಗಿಸುವುದು ಕಂಪೈಲರ್. ಅದರಲ್ಲಿ ಅವನ ಪಾಲಿಗೆ ಬಂದದ್ದು ಮ್ಯಾಕ್ರೋಗಳು. ಮ್ಯಾಕ್ರೋ ಎಂದರೆ ಒಂದು ಹೆಸರು. ‘ಈ ಹೆಸರು ಕಂಡಲ್ಲೆಲ್ಲ ಇದನ್ನು ತಂದು ಹಾಕು’ ಎಂದು ಮೊದಲೇ ಬರೆದಿಟ್ಟರೆ, ಕಂಪೈಲರ್ ಹಾಗೆಯೇ ತಂದು ಹಾಕುತ್ತಾ ಹೋಗುತ್ತದೆ. ನಡುವೆ ಆ ಅರ್ಥವನ್ನು ರದ್ದು ಮಾಡಿ, ಅದೇ ಹೆಸರಿಗೆ ಬೇರೆ ಅರ್ಥ ಕೊಡಬಹುದು. ಕೊಟ್ಟ ಸಾಲಿನಿಂದ ಮುಂದಕ್ಕೆ ಹೊಸ ಅರ್ಥ ನಡೆಯಬೇಕು.

“ಇದು ನನಗೆ ಗೊತ್ತು,” ಎಂದ ಶಿಷ್ಯ.

“ಗೊತ್ತಿರುವುದನ್ನು ಕೇಳಿಸಿಕೊಳ್ಳುವುದೂ ಒಂದು ಪರೀಕ್ಷೆ. ಈಗ ತಾನೇ ಫೇಲಾದೆ,” ಎಂದು ಗುರುಗಳು ಮುಂದುವರಿಸಿದರು.

ಪರೀಕ್ಷಕ ಬುದ್ಧಿವಂತ. ಸ್ವಲ್ಪ ಕುಚೇಷ್ಟೆಯವನು. ಮ್ಯಾಕ್ರೋ ಎಲ್ಲೆಲ್ಲಿ ಎಡವಬಹುದು ಎಂದು ಯೋಚಿಸಿ ಅವನು ಆರುನೂರ ಹನ್ನೆರಡು ಪುಟ್ಟ ಪ್ರೋಗ್ರಾಮುಗಳನ್ನು ಬರೆದ. ಆರುನೂರ ಹನ್ನೆರಡೋ ನಾನೂರೋ, ನಾನು ಲೆಕ್ಕ ಇಟ್ಟಿಲ್ಲ. ಕತೆಗೆ ಆರುನೂರು ಚೆನ್ನಾಗಿರುತ್ತದೆ. ಪ್ರತಿಯೊಂದಕ್ಕೂ ಒಂದು ತಮಾಷೆಯ ಹೆಸರಿಟ್ಟ. ತನ್ನನ್ನೇ ತಾನು ಕರೆಯುವ ಮ್ಯಾಕ್ರೋವಿಗೆ ‘ಕನ್ನಡಿ ಮುಂದೆ ಮ್ಯಾನೇಜರು’ ಎಂದು ಹೆಸರು. ಹೆಸರು ಅದೇ ಇದ್ದು ಒಳಗಿನ ಅರ್ಥ ಮಾತ್ರ ಬದಲಾಗುವ ಪರೀಕ್ಷೆಗೆ ‘ಹೊಸ ಅಧ್ಯಕ್ಷ, ಹಳೆಯ ಕುರ್ಚಿ’ ಎಂದು ಹೆಸರು. ಅದು ಮುನ್ನೂರ ಏಳನೆಯದು.

ಪ್ರೋಗ್ರಾಮು ಬರೆದರೆ ಅರ್ಧ ಕೆಲಸ. ಪಕ್ಕದಲ್ಲಿ ‘ಇದಕ್ಕೆ ಬರಬೇಕಾದ ಉತ್ತರ ಇದು’ ಎಂದು ಬರೆಯಬೇಕು. ಅದನ್ನು ಭಾಷೆಯ ನಿಯಮದ ಪುಸ್ತಕ ಓದಿ, ಕೈಯಲ್ಲಿ ಬಿಡಿಸಿ, ಕಂಪೈಲರನ್ನು ಮುಟ್ಟುವುದಕ್ಕೆ ಮೊದಲೇ ಬರೆಯಬೇಕು. ಆಮೇಲೆ ಕಂಪೈಲರನ್ನು ಓಡಿಸಿ ಎರಡನ್ನೂ ಹೋಲಿಸಬೇಕು. ಪರೀಕ್ಷಕ ಮೊದಲ ನಲವತ್ತಕ್ಕೆ ಹಾಗೆಯೇ ಮಾಡಿದ. ನಲವತ್ತೂ ಸರಿ ಬಂದವು. ನಲವತ್ತೊಂದನೆಯದಕ್ಕೆ ಅವನಿಗೆ ಬೇಸರ ಬಂತು. ಕಂಪೈಲರ್ ಹೇಗೂ ಸರಿಯಾಗಿಯೇ ಹೇಳುತ್ತಿದೆಯಲ್ಲ ಎಂದುಕೊಂಡ. ಉಳಿದ ಅಷ್ಟನ್ನೂ ಒಂದೇ ಸಲ ಓಡಿಸಿದ. ಅದು ಕೊಟ್ಟ ಉತ್ತರಗಳನ್ನೇ ತೆಗೆದು ‘ಬರಬೇಕಾದ ಉತ್ತರ’ ಎಂಬ ಕಡೆ ತುಂಬಿದ. ಆಮೇಲೆ ಗಂಭೀರವಾಗಿ ಇನ್ನೊಮ್ಮೆ ಓಡಿಸಿ, ಎರಡನ್ನೂ ಹೋಲಿಸಿದ.

“ಎಲ್ಲವೂ ಪಾಸಾದವು,” ಎಂದ ಶಿಷ್ಯ ಮೆಲ್ಲಗೆ.

“ಪಾಸಾಗದೆ ಇರುತ್ತವೆಯೆ? ಹುಡುಗ ಬರೆದ ಉತ್ತರವನ್ನೇ ನೋಡಿಕೊಂಡು ಮೇಷ್ಟ್ರು ಮಾದರಿ ಉತ್ತರ ತಯಾರಿಸಿದ ಹಾಗಾಯಿತು. ನೂರಕ್ಕೆ ನೂರು. ಪಾಸಾದದ್ದಕ್ಕೆಲ್ಲ ಹಸಿರು ಗುರುತು ಬಿದ್ದ ಆ ಪಟ್ಟಿಯನ್ನು ಕಂಪೈಲರ್ ಬರೆದವನು ಗೋಡೆಗೆ ಅಂಟಿಸಿದ. ಪರೀಕ್ಷಕನಿಗೆ ಒಂದು ಶಾಲು ಹೊದಿಸಿದರು. ಶಾಲು ಚುಚ್ಚುತ್ತಿತ್ತು. ಅದು ಉಣ್ಣೆಯ ದೋಷ.”

ಗುರುಗಳು ಕಾಲು ಬದಲಿಸಿ ಕುಳಿತರು.

ಇನ್ನೊಂದು ಊರಿನಲ್ಲಿ ಒಂದು ಹ್ಯಾಚರಿ ಇತ್ತು. ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಜಾಗ. ಅಲ್ಲಿ ಒಬ್ಬ ಹೆಂಗಸು ಮೊಟ್ಟೆ ನೋಡಿಕೊಳ್ಳುತ್ತಿದ್ದಳು. ಯಂತ್ರ ಬರುವ ಮೊದಲು ಬುಟ್ಟಿಯಲ್ಲಿ ಹೊಟ್ಟು ಹಾಸಿ, ಕೋಳಿ ಕೂರಿಸಿ ಮರಿ ಮಾಡಿಸುತ್ತಿದ್ದವಳು. ಅವಳ ಕೈಗುಣ ಒಳ್ಳೆಯದೆಂದು ಸುತ್ತಲಿನವರಿಗೆಲ್ಲ ನಂಬಿಕೆ. ಸಸಿ ನೆಡಲು ಅವಳನ್ನು ಕರೆಯುತ್ತಿದ್ದರು. ಉಪ್ಪಿನಕಾಯಿ ಭರಣಿಗೆ ಮೊದಲ ಹಿಡಿ ಉಪ್ಪು ಅವಳಿಂದಲೇ ಹಾಕಿಸುತ್ತಿದ್ದರು. ಅವಳಿಗೆ ಇದ್ದ ಆಸ್ತಿ ಅದೊಂದೇ.

ಹ್ಯಾಚರಿಯ ಯಜಮಾನ ಒಂದು ಹೊಸ ಕಾವು ಪೆಟ್ಟಿಗೆ ತರಿಸಿದ. ಅದನ್ನು ಮಾಡಿದವನು ಒಬ್ಬ ಯಂತ್ರಗಾರ. ಮೊಟ್ಟೆಯೊಳಗೆ ಮರಿ ಇಪ್ಪತ್ತೊಂದು ದಿನ ಇರುತ್ತದೆ. ಮೊದಲ ಹದಿನೆಂಟು ದಿನ ಮೊಟ್ಟೆಯನ್ನು ಆಗಾಗ ಹೊರಳಿಸುತ್ತಿರಬೇಕು. ಕೊನೆಯ ಮೂರು ದಿನ ಅಲುಗಿಸಬಾರದು. ಮರಿ ಕೊಕ್ಕನ್ನು ಸರಿಯಾದ ಕಡೆಗೆ ತಿರುಗಿಸಿಕೊಂಡು ಚಿಪ್ಪು ಒಡೆಯಲು ಸಿದ್ಧವಾಗುವ ದಿನಗಳು ಅವು. ಯಂತ್ರಗಾರ ಪೆಟ್ಟಿಗೆಯ ಪ್ರೋಗ್ರಾಮಿನಲ್ಲಿ ಇದನ್ನು ಒಂದು ಮ್ಯಾಕ್ರೋ ಆಗಿ ಬರೆದಿದ್ದ. ಮೊದಲ ಭಾಗದಲ್ಲಿ ಅದರ ಅರ್ಥ ಒಂದು. ಒಂದು ಎಂದರೆ ಟ್ರೇಯನ್ನು ಹೊರಳಿಸು. ಕೊನೆಯ ಮೂರು ದಿನದ ಭಾಗಕ್ಕೆ ಬಂದಾಗ ಅದನ್ನು ರದ್ದು ಮಾಡಿ ಸೊನ್ನೆ ಎಂದು ಬರೆದಿದ್ದ. ಸೊನ್ನೆ ಎಂದರೆ ಹೊರಳಿಸಬೇಡ. ಬರೆದದ್ದರಲ್ಲಿ ಒಂದು ಚುಕ್ಕೆಯೂ ತಪ್ಪಿರಲಿಲ್ಲ.

ತಪ್ಪು ಇದ್ದದ್ದು ಅವನು ಬಳಸಿದ ಕಂಪೈಲರಿನಲ್ಲಿ, ನಮ್ಮ ಪರೀಕ್ಷಕ ಪಾಸು ಮಾಡಿದ ಅದೇ ಕಂಪೈಲರಿನಲ್ಲಿ. ಹಳೆಯ ಅರ್ಥವೂ ಹೊಸ ಅರ್ಥವೂ ಒಂದೇ ಉದ್ದದ್ದಾಗಿದ್ದರೆ ಅದು ಏನೂ ಬದಲಾಗಿಲ್ಲ ಎಂದುಕೊಂಡು ಹಳೆಯದನ್ನೇ ತಂದು ಹಾಕುತ್ತಿತ್ತು. ಒಂದು ಒಂದಂಕಿ. ಸೊನ್ನೆಯೂ ಒಂದಂಕಿ.

ಹತ್ತೊಂಬತ್ತನೆಯ ದಿನವೂ ಟ್ರೇ ಹೊರಳಿತು.

ಆ ಸಲ ಮುಕ್ಕಾಲು ಪಾಲು ಮರಿಗಳು ಚಿಪ್ಪಿನೊಳಗೇ ಸತ್ತವು. ಮುಂದಿನ ಸಲವೂ ಹಾಗೆಯೇ ಆಯಿತು. ಯಜಮಾನ ಯಂತ್ರಗಾರನನ್ನು ಕರೆಸಿದ. ಹೆಂಗಸು ಪೆಟ್ಟಿಗೆಯ ಪಕ್ಕದಲ್ಲಿಯೇ ನಿಂತಿದ್ದಳು.

“ಅಣ್ಣಾ, ಕೊನೆ ಮೂರು ದಿನಾನೂ ಟ್ರೇ ಹೊರಳ್ತೈತೆ. ಗಂಟೆಗೊಂದು ಸಲ. ನಾನು ಕೂತ್ಕೊಂಡು ನೋಡೀನಿ.”

ಯಂತ್ರಗಾರ ಪ್ರೋಗ್ರಾಮಿನ ಹಾಳೆ ಬಿಡಿಸಿ ತೋರಿಸಿದ. “ಇಲ್ಲಿ ನೋಡಕ್ಕಾ. ಏನು ಬರೆದೈತೆ? ಸೊನ್ನೆ. ಸೊನ್ನೆ ಅಂದ್ರೆ ಅಲುಗಾಡೋ ಹಂಗೇ ಇಲ್ಲ.”

“ನಂಗೆ ಓದಕ್ಕೆ ಬರಲ್ಲ ಕಣಣ್ಣ. ಆದ್ರೆ ಟ್ರೇಗೂ ಓದಕ್ಕೆ ಬರಲ್ಲ.”

ಯಜಮಾನನೂ ನಕ್ಕ, ಯಂತ್ರಗಾರನೂ ನಕ್ಕ. ಒಳ್ಳೆಯ ಮಾತು ಎಂದರು. ಹಾಳೆಯನ್ನು ಮಡಿಸಿಟ್ಟರು.

“ಗುರುಗಳೇ, ಅವನು ಒಂದು ಗಂಟೆ ಅಲ್ಲಿ ಕೂತು ನೋಡಬಹುದಿತ್ತು,” ಎಂದ ಶಿಷ್ಯ.

“ನೋಡಬಹುದಿತ್ತು. ಪರೀಕ್ಷಕನೂ ಓದಬಹುದಿತ್ತು. ಕೈಯಲ್ಲಿ ಹಾಳೆ ಇರುವಾಗ ಯಾರು ಕೂತು ನೋಡುತ್ತಾರೆ? ಆದರೂ ಯಂತ್ರಗಾರ ಕೆಟ್ಟವನಲ್ಲ. ಮನಸ್ಸಿಗೆ ಸಮಾಧಾನವಾಗಲಿ ಎಂದು ಕಂಪೈಲರಿನವರಿಗೆ ಒಂದು ಪತ್ರ ಬರೆದ.”

ಪತ್ರದಲ್ಲಿ ಹೆಂಗಸು ಹೇಳಿದ್ದನ್ನೂ ಬರೆದಿದ್ದ. ಅರ್ಥ ಬದಲಿಸಿದ ಮ್ಯಾಕ್ರೋವನ್ನು ನಿಮ್ಮ ಕಂಪೈಲರ್ ಸರಿಯಾಗಿ ನೋಡಿಕೊಳ್ಳುತ್ತದೆಯೆ, ದಯವಿಟ್ಟು ತಿಳಿಸಿ ಎಂದು ಕೇಳಿದ್ದ. ಪತ್ರ ಪರೀಕ್ಷಕನ ಮೇಜಿಗೆ ಬಂತು. ಅವನು ಪಟ್ಟಿ ನೋಡಿದ. ಮುನ್ನೂರ ಏಳು, ಪಾಸ್. ಒಳಗೆ ತೆರೆದು ನೋಡಲಿಲ್ಲ. ಅವತ್ತೇ ಉತ್ತರ ಬರೆದ: ‘ಇದನ್ನು ನಾವು ವಿಶೇಷವಾಗಿ ಪರೀಕ್ಷಿಸಿದ್ದೇವೆ. ಯಾವ ದೋಷವೂ ಇಲ್ಲ. ನಿಮ್ಮಲ್ಲಿ ಪೆಟ್ಟಿಗೆಯನ್ನು ನೋಡಿಕೊಳ್ಳುವವರು ಬಾಗಿಲು ತೆರೆದು ಕಾವು ಕೆಡಿಸುತ್ತಿದ್ದಾರೆಯೇ ಎಂದು ವಿಚಾರಿಸಿ.’

“ಕೊನೆಯ ಸಾಲು ಯಾಕೆ ಬರೆದ?” ಎಂದು ಶಿಷ್ಯ ಕೇಳಿದ.

“ಯಾರೂ ಕೇಳಿರಲಿಲ್ಲ. ಪತ್ರ ಚಿಕ್ಕದಾಯಿತು ಎನಿಸಿತಂತೆ.”

ಗುರುಗಳು ಇದನ್ನು ತಮಾಷೆಯಾಗಿ ಹೇಳಲು ಹೋದರು. ಅದು ತಮಾಷೆಯಾಗಿ ಬರಲಿಲ್ಲ.

ಪತ್ರ ತಲುಪಿದ ದಿನ ಯಜಮಾನ ಹೆಂಗಸನ್ನು ಮೊಟ್ಟೆಯ ಕೆಲಸದಿಂದ ತೆಗೆದ. ಹಳಬಳು ಎಂದು ಹೊರಗೆ ಹಾಕಲಿಲ್ಲ. ಮರಿ ಸಾಗಿಸುವ ಕ್ರೇಟುಗಳನ್ನು ತೊಳೆಯಲು ಹಿತ್ತಲಿಗೆ ಹಚ್ಚಿದ. ಪೆಟ್ಟಿಗೆ ನೋಡಿಕೊಳ್ಳಲು ತನ್ನ ಭಾಮೈದನನ್ನು ಇಟ್ಟ. ಅವಳ ಕೈಗುಣ ಹೋಯಿತು ಎಂಬ ಮಾತು ಊರಿನಲ್ಲಿ ಹಬ್ಬಿತು. ಆ ಬೇಸಗೆಯಲ್ಲಿ ಉಪ್ಪಿನಕಾಯಿ ಹಾಕಲು ಅವಳನ್ನು ಯಾರೂ ಕರೆಯಲಿಲ್ಲ.

ಅದೇ ವಾರ ಪರೀಕ್ಷಕನ ಆಫೀಸಿನಲ್ಲಿ ಚಹಾ ಸಂಘಕ್ಕೆ ಹೊಸ ಅಧ್ಯಕ್ಷನನ್ನು ಆರಿಸಿದರು. ಚಹಾ ಮಾತ್ರ ಹಿಂದಿನ ಹಾಗೆಯೇ ನೀರಾಗಿತ್ತು. ಎಲ್ಲರನ್ನೂ ನಗಿಸಲು ಪರೀಕ್ಷಕನಿಗೆ ಇದು ಸಾಕಾಯಿತು. ‘ಹೊಸ ಅಧ್ಯಕ್ಷ, ಹಳೆಯ ಕುರ್ಚಿ’ ಎಂಬ ಪರೀಕ್ಷೆಯನ್ನು ಅಚ್ಚು ಹಾಕಿಸಿಕೊಂಡು ಕ್ಯಾಂಟೀನಿನಲ್ಲಿ ಎದ್ದು ನಿಂತ.

“ಮಹಾಜನರೇ, ಮುನ್ನೂರ ಏಳನೆಯ ಪರೀಕ್ಷೆ! ಅಧ್ಯಕ್ಷ ಎಂಬ ಹೆಸರಿಗೆ ಮೊದಲು ಒಂದು ಎಂದು ಅರ್ಥ. ಆಮೇಲೆ ಅವರನ್ನು ರದ್ದು ಮಾಡಿದೆವು!”

ಎಲ್ಲರೂ ಮೇಜು ಕುಟ್ಟಿದರು.

“ಹೊಸ ಅಧ್ಯಕ್ಷರು ಬಂದರು. ಅವರ ಬೆಲೆ ಸೊನ್ನೆ!”

ಇನ್ನಷ್ಟು ನಕ್ಕರು. ಹೊಸ ಅಧ್ಯಕ್ಷನೂ ನಕ್ಕ.

“ಈಗ ಅಧ್ಯಕ್ಷರು ಎಷ್ಟು ಎಂದು ಕೇಳಿದರೆ, ಬರಬೇಕಾದ ಉತ್ತರ...”

ಪರೀಕ್ಷಕ ಹಾಳೆಯ ಬಲಗಡೆ ನೋಡಿದ. ಅಲ್ಲಿ ಒಂದು ಎಂದಿತ್ತು.

ಅದು ಅವನೇ ಯೋಚಿಸಿ ಬರೆದ ಪ್ರಶ್ನೆ. ಒಂದು, ಸೊನ್ನೆ ಎಂದು ಎರಡೂ ಒಂದಂಕಿಯ ಅರ್ಥಗಳನ್ನು ಆರಿಸಿದವನೂ ಅವನೇ. ದೋಷ ಬಿದ್ದುಕೊಂಡಿದ್ದ ಗುಂಡಿಗೇ ಕೈ ಹಾಕಿದ್ದ. ಹಾಕಿದ ಕೈಗೆ ಏನು ಸಿಕ್ಕಿತೆಂದು ನೋಡಿರಲಿಲ್ಲ. ಸೊನ್ನೆ ಬರಬೇಕಾದ ಕಡೆ ಒಂದು ಎಂದಿರುವುದನ್ನು ಅಂಗನವಾಡಿಯ ಮಗುವೂ ಕಂಡುಹಿಡಿಯುತ್ತಿತ್ತು.

“ಏನಯ್ಯಾ, ಪೂರ್ತಿ ಓದು! ಉತ್ತರ ಎಷ್ಟು?” ಎಂದು ಕಂಪೈಲರ್ ಬರೆದವನು ಕೂಗಿದ.

“ಮುಗೀತು ಸಾರ್. ಇಷ್ಟೇ,” ಎಂದು ಪರೀಕ್ಷಕ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಕೇಳಿದವರು ಅದಕ್ಕೂ ನಕ್ಕರು. ಅವನು ಏನು ಹೇಳಿದರೂ ನಗುವ ಅಭ್ಯಾಸ ಅವರಿಗೆ ಆಗಿಹೋಗಿತ್ತು.

ಮೇಜಿಗೆ ಬಂದು ಅವನು ಒಂದನ್ನು ಅಳಿಸಿ ಸೊನ್ನೆ ಬರೆದ. ಪರೀಕ್ಷೆ ಓಡಿಸಿದ. ಮೊದಲ ಸಲ ಕೆಂಪು ಬಂತು. ಕಂಪೈಲರ್ ಬರೆದವನ ಬಳಿಗೆ ಹೋಗಿ, ‘ಸಾರ್, ಒಂದು ಸಣ್ಣ ದೋಷ ಸಿಕ್ಕಿದೆ’ ಎಂದ. ಆತ ನೋಡಿ ಬೆಚ್ಚಿದ. ಮಧ್ಯಾಹ್ನದೊಳಗೆ ಸರಿಪಡಿಸಿದ. ಪರೀಕ್ಷಕನ ಬೆನ್ನು ತಟ್ಟಿ ಹೇಳಿದ:

“ಹದ್ದಿನ ಕಣ್ಣು ಕಣಯ್ಯ ನಿಂದು! ಇನ್ಯಾರಿಗೂ ಸಿಕ್ತಿರಲಿಲ್ಲ.”

ಆಗ ಹೇಳಬಹುದಿತ್ತು. ಬೆನ್ನಿನ ಮೇಲಿನ ಕೈ ಇನ್ನೂ ಅಲ್ಲೇ ಇತ್ತು. ಅದು ಹೋಗಲಿ ಎಂದು ಕಾದ. ಕೈ ಹೋದ ಮೇಲೆ ಹೇಳುವ ಹೊತ್ತೂ ಹೋಗಿತ್ತು. ಉಳಿದ ಐನೂರ ಎಪ್ಪತ್ತೊಂದನ್ನೂ ಅವನು ತಾನೇ ಕೂತು, ಪುಸ್ತಕ ಓದಿ, ಕೈಯಲ್ಲಿ ಬಿಡಿಸಿದ. ಇಪ್ಪತ್ತು ದಿನ ಹಿಡಿಯಿತು. ಬೇರೆ ತಪ್ಪು ಒಂದೂ ಸಿಗಲಿಲ್ಲ. ಹೊಸ ಕಂಪೈಲರನ್ನು ಆ ವಾರವೇ ಎಲ್ಲ ಗಿರಾಕಿಗಳಿಗೂ ಕಳಿಸಿದ್ದರು. ಜೊತೆಯ ಟಿಪ್ಪಣಿಯನ್ನು ಬರೆದವನೂ ಅವನೇ: ‘ಕೆಲವು ಸಣ್ಣ ಸುಧಾರಣೆಗಳನ್ನು ಮಾಡಲಾಗಿದೆ.’

“ಸರಿಯಾಗಿಯೇ ಮಾಡಿದನಲ್ಲ ಗುರುಗಳೇ. ತಪ್ಪು ಹೋಯಿತು,” ಎಂದ ಶಿಷ್ಯ. ಅವನ ದನಿಯಲ್ಲಿ ಸ್ವಲ್ಪ ಆಸೆ ಇತ್ತು.

“ಹೋಯಿತು. ಯಂತ್ರಗಾರ ಹೊಸ ಕಂಪೈಲರಿನಲ್ಲಿ ಪ್ರೋಗ್ರಾಮನ್ನು ಮತ್ತೆ ತಿರುಗಿಸಿ ಪೆಟ್ಟಿಗೆಗೆ ಹಾಕಿದ. ಹೊಸ ಮೊಟ್ಟೆ ಇಟ್ಟರು. ಕೊನೆಯ ಮೂರು ದಿನ ಟ್ರೇ ಅಲುಗಲಿಲ್ಲ. ನೂರಕ್ಕೆ ತೊಂಬತ್ತು ಮರಿ ಚಿಪ್ಪು ಒಡೆದು ಬಂದವು. ಎಲ್ಲರೂ ಏನೆಂದರು, ಹೇಳು.”

ಶಿಷ್ಯನ ಕೈ ಚಾಪೆಯ ಮೇಲೆ ನಿಂತಿತು.

“ಭಾಮೈದನ ಕೈಗುಣ ಒಳ್ಳೆಯದು ಎಂದರು,” ಎಂದು ಗುರುಗಳೇ ಹೇಳಿದರು. “ಮರಿ ಸತ್ತದ್ದು ಹೆಂಗಸಿನಿಂದಲೇ ಎಂದು ಅಲ್ಲಿಯವರೆಗೆ ಬರೀ ಅನುಮಾನವಿತ್ತು. ಅವಳನ್ನು ತೆಗೆದ ಕೂಡಲೇ ಮರಿ ಬದುಕಿದವು. ಇನ್ನು ಅನುಮಾನಕ್ಕೆ ಜಾಗವೆಲ್ಲಿ?”

ಯಂತ್ರಗಾರ ಪರೀಕ್ಷಕನಿಗೆ ಧನ್ಯವಾದದ ಪತ್ರ ಬರೆದ. ‘ನೀವು ಹೇಳಿದ್ದೇ ಸರಿ. ಬಾಗಿಲು ತೆರೆಯುತ್ತಿದ್ದಳೆಂದು ಕಾಣುತ್ತದೆ. ಅವಳನ್ನು ಬದಲಿಸಿದ ಮೇಲೆ ಎಲ್ಲವೂ ಚೆನ್ನಾಗಿದೆ.’

ಪರೀಕ್ಷಕ ಆ ಪತ್ರವನ್ನು ಡ್ರಾಯರಿನಲ್ಲಿಟ್ಟ. ನಾಲ್ಕು ದಿನ ಡ್ರಾಯರ್ ತೆರೆಯಲಿಲ್ಲ. ಐದನೆಯ ದಿನ ರಜೆ ಹಾಕಿ, ಪತ್ರದ ಮೇಲಿನ ವಿಳಾಸ ಹಿಡಿದು ಬಸ್ಸು ಹತ್ತಿದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ. ಮೂರು ಸಾಲು. ತಪ್ಪು ನನ್ನದು. ನೀವು ನೋಡಿದ್ದು ಸರಿ. ನಿಮ್ಮ ಯಜಮಾನರಿಗೂ ನಾನೇ ಹೇಳುತ್ತೇನೆ.

ಅವಳು ಹಿತ್ತಲಿನಲ್ಲಿ ಕ್ರೇಟು ತೊಳೆಯುತ್ತಿದ್ದಳು. ಕೈ ಬೆರಳುಗಳು ನೀರಿನಲ್ಲಿ ನೆನೆದು ಬೆಳ್ಳಗಾಗಿದ್ದವು.

“ಮರಿ ಬೇಕಾಗಿತ್ತಾ ಸ್ವಾಮಿ? ಒಳಗೆ ಕೇಳಿ. ನಾನು ಮುಟ್ಟಲ್ಲ.”

“ಇಲ್ಲಮ್ಮ... ನಿಮ್ಮನ್ನೇ ನೋಡೋಣ ಅಂತ. ಕೊನೆ ಮೂರು ದಿನ ಟ್ರೇ ಹೊರಳ್ತಿತ್ತು ಅಂದ್ರಂತೆ?”

ಅವಳು ಕ್ರೇಟು ಕೆಳಗಿಟ್ಟಳು. ಸುತ್ತ ನೋಡಿದಳು.

“ಅಯ್ಯೋ, ಅದ್ಯಾರು ನಿಮ್ಗೆ ಹೇಳಿದ್ದು? ಬಿಡಿ ಸ್ವಾಮಿ, ಅದು ನಂದೇ ತಪ್ಪು. ವಯಸ್ಸಾಯ್ತಲ್ಲ, ಕಣ್ಣು ಮಂಜು. ಹೊರಳ್ತೈತೆ ಅಂತ ಅನ್ನಿಸ್ತು, ಅಷ್ಟೇಯ. ದೊಡ್ಡ ಓದಿದೋರು ಯಾರೋ ಕಾಗದ ಬರ್ದು ಹೇಳವ್ರೆ, ಹೊರಳಿಲ್ಲ ಅಂತ. ಅವ್ರು ಯಾಕೆ ಸುಳ್ಳು ಹೇಳ್ತಾರೆ?”



“ಆಮೇಲೆ? ಹೇಳಿದನೆ?” ಎಂದ ಶಿಷ್ಯ.

“ಈ ಕತೆಯನ್ನು ಏಳೆಂಟು ಸಲ ಹೇಳಿದ್ದೇನೆ. ಪ್ರತಿ ಸಲವೂ ಅವನು ಹೇಳಿಬಿಡುತ್ತಾನೆ. ಹೆಂಗಸು ಅಳುತ್ತಾಳೆ, ಯಜಮಾನ ಕ್ಷಮೆ ಕೇಳುತ್ತಾನೆ, ಊರವರು ಉಪ್ಪಿನಕಾಯಿ ಭರಣಿ ಹೊತ್ತುಕೊಂಡು ಬರುತ್ತಾರೆ. ಒಂದು ಸಲವಂತೂ ಭಾಮೈದನನ್ನು ಅವಳ ಕಾಲಿಗೂ ಬೀಳಿಸಿದ್ದೆ. ಕೇಳಿದವರು ಸಂತೋಷಪಟ್ಟು ಎದ್ದು ಹೋಗುತ್ತಾರೆ.”

“ಇವತ್ತು?”

“ಇವತ್ತು ಅವನು ಒಳಗೆ ಹೋಗಿ ಹತ್ತು ಮರಿ ಕೊಂಡ. ತೂತು ಮಾಡಿದ ಒಂದು ರಟ್ಟಿನ ಡಬ್ಬಿಯಲ್ಲಿ ಹಾಕಿ ಕೊಟ್ಟರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದ. ಪಕ್ಕದವರು ಎಷ್ಟು ಮರಿ ಎಂದು ಕೇಳಿದರು. ಅದಕ್ಕೂ ಅವನು ಉತ್ತರ ಹೇಳಲಿಲ್ಲ.”

“ಆ ಹೆಂಗಸಿನ ಹೆಸರು ಏನು ಗುರುಗಳೇ?”

“ಕೇಳಲಿಲ್ಲ.”

‘ಗೊತ್ತಿಲ್ಲ’ ಎನ್ನಬೇಕಾದ ಕಡೆ ಗುರುಗಳು ‘ಕೇಳಲಿಲ್ಲ’ ಎಂದದ್ದು ಶಿಷ್ಯನಿಗೆ ತಿಳಿಯಿತು. ಅವನು ತಲೆ ತಗ್ಗಿಸಿದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

“ಮುಂದಿನ ವಾರ ಹೋದನೆ? ಮುಂದಿನ ವರ್ಷ?” ಎಂದು ಶಿಷ್ಯ ನೆಲ ನೋಡುತ್ತಲೇ ಕೇಳಿದ.

“ಹೋದ. ಮೂರು ವರ್ಷ ಬಿಟ್ಟು ಹೋದ. ಹ್ಯಾಚರಿ ಅಲ್ಲಿರಲಿಲ್ಲ. ಅವಳನ್ನು ಏನೆಂದು ವಿಚಾರಿಸುವುದು? ಚಹಾದಂಗಡಿಯವನನ್ನು ಕೇಳಿದ. ‘ಯಾರು, ಕೈಗುಣ ಕೆಟ್ಟೋಯ್ತಲ್ಲ, ಆಯಮ್ಮನಾ?’ ಎಂದ ಅವನು. ಮಗಳ ಊರಿಗೆ ಹೋದಳಂತೆ. ಯಾವ ಊರೆಂದು ಅವನಿಗೂ ಗೊತ್ತಿರಲಿಲ್ಲ.”

ಶಿಷ್ಯ ಕಿತ್ತ ಕಡ್ಡಿಯನ್ನು ಚಾಪೆಯ ಅಂಚಿಗೆ ಮತ್ತೆ ಸಿಕ್ಕಿಸಿದ. ಆಮೇಲೆ ಹೇಳಿದ:

“ನನ್ನದು ಅಷ್ಟು ದೊಡ್ಡದಲ್ಲ ಗುರುಗಳೇ. ಒಂದೇ ಒಂದು ಸಾಲು. ನಿನ್ನೆಯೇ ಸರಿಪಡಿಸಿದ್ದೇನೆ. ಈಗ ಎಲ್ಲವೂ ಹಸಿರು.”

ಗುರುಗಳು ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದರು.

“ನೀನು ಸರಿಪಡಿಸಿದ್ದನ್ನು ನಾನು ಒಪ್ಪಿದೆ. ಆ ತಪ್ಪು ಈಗ ಯಾರ ಹೆಸರಿನಲ್ಲಿದೆ?”